ಗುಡ್ಡದ ಆಚೆಗೆ ದನಿ ಮುಟ್ಟಿಸುವುದು ಹೇಗೆ?

ಕಾಡಿನಲ್ಲಿ ಮರ ಎಣಿಸುವ ತಂಡವೊಂದಕ್ಕೆ ನಾನು ರೇಡಿಯೋ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಬೆಳಗ್ಗೆ ನಾಲ್ಕು ಜನ ಗುಡ್ಡ ದಾಟಿ ಆಚೆ ಇಳಿದರು. ಹತ್ತೂವರೆಗೆ ಬರಬೇಕಿದ್ದ ಕರೆ ಬರಲಿಲ್ಲ. ಹನ್ನೊಂದೂವರೆಗೂ ಇಲ್ಲ, ಹನ್ನೆರಡೂವರೆಗೂ ಇಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹುಡುಕಲು ಯಾರನ್ನು ಕಳಿಸೋಣ ಅಂತ ಮಾತಾಡುತ್ತಿದ್ದಾಗ, ಒಂದೂಕಾಲಿಗೆ ಸೆಟ್ಟಿನಲ್ಲಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಚೆನ್ನಾಗಿ ದನಿ ಬಂತು. "ಬೆಳಗ್ಗೆಯಿಂದ ಕರೀತಾನೇ ಇದ್ದೀವಿ ಸರ್, ಕೇಳಿಸ್ತಿರಲಿಲ್ವಾ?"

ಅದೇ ಸೆಟ್ಟು, ಅದೇ ಬ್ಯಾಟರಿ, ಅದೇ 5 ವ್ಯಾಟ್. ಅವರು ಗುಡ್ಡದ ಬುಡದಲ್ಲಿದ್ದ ಗಿಡಗಂಟಿಗಳ ನಡುವಿನಿಂದ ಸುಮಾರು ಅರ್ಧ ಕಿಲೋಮೀಟರ್ ಆಚೆ, ಒಂದು ಬಯಲಿಗೆ ಬಂದಿದ್ದರು, ಅಷ್ಟೇ. ಅವತ್ತಿನಿಂದ ನನಗೆ ಇದೊಂದು ಪಾಠವಾಗಿ ಕೂತಿದೆ. ದನಿ ಮುಟ್ಟದಿದ್ದರೆ ಮೊದಲು ವ್ಯಾಟ್ ಹೆಚ್ಚಿಸಲು ಹೋಗಬೇಡಿ, ನಿಂತ ಜಾಗ ಬದಲಿಸಿ. ಯಾವ ಕಡೆಗೆ, ಎಷ್ಟು ದೂರ ಬದಲಿಸಬೇಕು ಅನ್ನುವುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ 145 ಮತ್ತು 433 ಮೆಗಾಹರ್ಟ್ಸ್ ಆಸುಪಾಸಿನ ಕೈಸೆಟ್ಟುಗಳಿಗೆ. ಯಾವ ಫ್ರೀಕ್ವೆನ್ಸಿಗೆ ಲೈಸೆನ್ಸ್ ಬೇಕು, ಎಷ್ಟು ವ್ಯಾಟ್‌ವರೆಗೆ ಬಳಸಬಹುದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ತಿಳಿದುಕೊಂಡೇ ಕಾಡಿಗೆ ಇಳಿಯಿರಿ.

ಹೊರಡುವ ಮೊದಲು ನೆಲದ ಗೆರೆ ಬರೆದುಕೊಳ್ಳಿ

ಒಂದು ಹಾಳೆ, ಒಂದು ಪೆನ್ಸಿಲ್, ಎತ್ತರದ ಗೆರೆಗಳಿರುವ ಒಂದು ನಕ್ಷೆ ಸಾಕು. ನೀವಿರುವ ಜಾಗ ಒಂದು ಚುಕ್ಕೆ, ಅವರಿರುವ ಜಾಗ ಇನ್ನೊಂದು. ಎರಡನ್ನೂ ಸ್ಕೇಲಿನಿಂದ ಸೇರಿಸಿ. ಆ ಗೆರೆ ನಕ್ಷೆಯ ಎತ್ತರದ ಗೆರೆಗಳನ್ನು ಎಲ್ಲೆಲ್ಲಿ ದಾಟುತ್ತದೋ ಅಲ್ಲಲ್ಲಿ ಎತ್ತರ ಬರೆದುಕೊಳ್ಳಿ. ಆಮೇಲೆ ಹಾಳೆಯ ಮೇಲೆ ಅಡ್ಡಕ್ಕೆ ದೂರ, ಉದ್ದಕ್ಕೆ ಎತ್ತರ ಹಾಕಿ ಚುಕ್ಕೆಗಳನ್ನು ಸೇರಿಸಿದರೆ ನೆಲವನ್ನು ಚಾಕುವಿನಿಂದ ಕೊಯ್ದು ಪಕ್ಕದಿಂದ ನೋಡಿದ ಹಾಗೆ ಕಾಣುತ್ತದೆ. ಎತ್ತರದ ಅಳತೆಯನ್ನು ದೂರದ ಅಳತೆಗಿಂತ ಹತ್ತು ಪಟ್ಟು ಹಿಗ್ಗಿಸಿ ಬರೆಯಿರಿ, ಇಲ್ಲದಿದ್ದರೆ ಗುಡ್ಡವೂ ಬಯಲೂ ಒಂದೇ ಥರ ಕಾಣುತ್ತವೆ. ಈಗ ಎರಡು ತುದಿಗಳ ಆಂಟೆನಾಗಳ ನಡುವೆ ನೇರ ಗೆರೆ ಎಳೆಯಿರಿ. ನೆಲ ಎಲ್ಲಿ ಅದನ್ನು ಮುಟ್ಟುತ್ತದೆ, ಎಲ್ಲಿ ದಾಟಿ ಮೇಲೇರುತ್ತದೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ನಾಲ್ಕೈದು ಕಿಲೋಮೀಟರಿಗೆ ಭೂಮಿ ಗುಂಡಗಿರುವುದು ಲೆಕ್ಕಕ್ಕೇ ಬರುವುದಿಲ್ಲ. ನಲವತ್ತು ಕಿಲೋಮೀಟರಾದರೆ ಅಲೆ ಗಾಳಿಯಲ್ಲಿ ಸ್ವಲ್ಪ ಬಾಗುವುದನ್ನು ಕಳೆದರೂ ನಡುವೆ ಭೂಮಿಯೇ 23 ಮೀಟರಿನಷ್ಟು ಉಬ್ಬಿದ ಲೆಕ್ಕ, ಆಗ ಅದನ್ನೂ ಸೇರಿಸಬೇಕು.

ಕಂಪ್ಯೂಟರಿನಲ್ಲಿ ಮಾಡುವುದಾದರೆ ರೇಡಿಯೋ ಮೊಬೈಲ್‌ನಂಥ ತಂತ್ರಾಂಶಗಳು ಇದನ್ನು ಕ್ಷಣದಲ್ಲಿ ಬರೆದು ಕೊಡುತ್ತವೆ. ಆದರೆ ಒಂದು ವಿಷಯ ನೆನಪಿರಲಿ. ಇಂಥ ತಂತ್ರಾಂಶಗಳು ಬಳಸುವ ಎತ್ತರದ ಮಾಹಿತಿ ಬಹಳಷ್ಟು ಸಲ ಎಸ್‌ಆರ್‌ಟಿಎಂ ಅನ್ನುವ ಅಳತೆಯದು. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಅಳೆದದ್ದು. ಆ ರೇಡಾರಿನ ಅಲೆ ದಟ್ಟ ಕಾಡಿನಲ್ಲಿ ನೆಲದವರೆಗೆ ಪೂರ್ತಿ ಇಳಿಯಲಿಲ್ಲ. ಹಾಗಾಗಿ ಕಾಡಿರುವ ಕಡೆ ಅದು ತೋರಿಸುವ 'ನೆಲ'ದಲ್ಲಿ ಮರದ ಎತ್ತರವೂ ಸ್ವಲ್ಪ ಸೇರಿಕೊಂಡಿರುತ್ತದೆ. ಅದರ ಮೇಲೆ ನೀವು ಮತ್ತೆ ಮರದ ಎತ್ತರ ಪೂರ್ತಿ ಕೂಡಿಸಿದರೆ ಇಲ್ಲದ ಗುಡ್ಡ ಹುಟ್ಟುತ್ತದೆ. 2000ದ ಆಮೇಲೆ ಕಾಡು ಕಡಿದ ಜಾಗದಲ್ಲೂ ಅಷ್ಟೇ, ನಕ್ಷೆಯ ಎತ್ತರ ನಿಜಕ್ಕಿಂತ ಜಾಸ್ತಿ ಇರಬಹುದು. ಸಾಧ್ಯವಿದ್ದರೆ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಕಣ್ಣಿಗೆ ಕಂಡರೆ ಸಾಲದು

"ನೇರ ಕಾಣುತ್ತೆ, ಆದ್ರೂ ಯಾಕೆ ಸರಿ ಕೇಳ್ತಿಲ್ಲ?" ಅಂತ ತುಂಬಾ ಜನ ಕೇಳುತ್ತಾರೆ. ರೇಡಿಯೋ ಅಲೆ ದಾರದ ಹಾಗೆ ಹೋಗುವುದಿಲ್ಲ. ಎರಡು ಆಂಟೆನಾಗಳ ನಡುವೆ ಸೌತೆಕಾಯಿಯ ಆಕಾರದ ಒಂದು ಜಾಗ ಅದಕ್ಕೆ ಬೇಕು. ತುದಿಗಳಲ್ಲಿ ಚೂಪು, ನಡುವೆ ದಪ್ಪ. ಇದಕ್ಕೆ ಫ್ರೆನೆಲ್ ವಲಯ ಅಂತ ಹೆಸರು. ಫ್ರೆನೆಲ್ ಅನ್ನುವ ಫ್ರೆಂಚ್ ವಿಜ್ಞಾನಿ ಬದುಕಿದ್ದು 1788ರಿಂದ 1827ರವರೆಗೆ, ಕೆಲಸ ಮಾಡಿದ್ದು ಬೆಳಕಿನ ಮೇಲೆ. ಹರ್ಟ್ಸ್ ಅನ್ನುವ ವಿಜ್ಞಾನಿ ರೇಡಿಯೋ ಅಲೆಯನ್ನು ಹಿಡಿದು ತೋರಿಸಿದ್ದು ಫ್ರೆನೆಲ್ ಸತ್ತು ಅರವತ್ತು ವರ್ಷ ಆದಮೇಲೆ. ಬೆಳಕಿಗೆ ಅಂತ ಮಾಡಿದ ಲೆಕ್ಕ ಇವತ್ತು ನಮ್ಮ ಕೈಸೆಟ್ಟಿಗೆ ಒಂದಿಷ್ಟೂ ಬದಲಾಗದೆ ಹೊಂದುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಲೆಕ್ಕ ಸುಲಭ. ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಳ್ಳಿ, ಫ್ರೀಕ್ವೆನ್ಸಿಯನ್ನು ಗಿಗಾಹರ್ಟ್ಸ್‌ನಲ್ಲಿ. ದೂರವನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 8.66ರಿಂದ ಗುಣಿಸಿ. ನಡುಮಧ್ಯದಲ್ಲಿ ಈ ವಲಯ ಗೆರೆಯಿಂದ ಎಷ್ಟು ಮೀಟರ್ ಹರಡಿದೆ ಅನ್ನುವುದು ಸಿಗುತ್ತದೆ. 4 ಕಿಲೋಮೀಟರಿಗೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 45 ಮೀಟರ್, 433ರಲ್ಲಿ 26 ಮೀಟರ್, 2.4 ಗಿಗಾಹರ್ಟ್ಸ್‌ನಲ್ಲಿ 11 ಮೀಟರ್. ಇದರಲ್ಲಿ ಗೆರೆಗೆ ಹತ್ತಿರದ ನೂರಕ್ಕೆ 60 ಭಾಗ ಖಾಲಿ ಇದ್ದರೆ ಸಾಕು, ದಾರಿ ಬಯಲಿನಷ್ಟೇ ಚೆನ್ನ. ಗೆರೆ ಸರಿಯಾಗಿ ಗುಡ್ಡದ ನೆತ್ತಿಯನ್ನು ಸವರಿಕೊಂಡು ಹೋದರೆ ಕಣ್ಣಿಗೆ ಆಚೆ ಕಡೆ ಕಾಣುತ್ತದೆ, ಆದರೆ 6 ಡೆಸಿಬೆಲ್ ಆಗಲೇ ಹೋಗಿರುತ್ತದೆ.

ಡೆಸಿಬೆಲ್ ಅಂದರೆ ಹೆದರಬೇಡಿ. 3 ಹೋದರೆ ಶಕ್ತಿ ಅರ್ಧ, 6 ಹೋದರೆ ಕಾಲು, 10 ಹೋದರೆ ಹತ್ತರಲ್ಲಿ ಒಂದು, 20 ಹೋದರೆ ನೂರರಲ್ಲಿ ಒಂದು. ಇದಿಷ್ಟು ಬಾಯಿಗೆ ಬಂದರೆ ಮುಂದಿನದೆಲ್ಲ ಬರೀ ಕೂಡಿಸುವುದು, ಕಳೆಯುವುದು.

ಗುಡ್ಡ ಅಡ್ಡ ಬಂದಾಗ

ಗುಡ್ಡ ಅಡ್ಡ ಬಂದ ಕೂಡಲೇ ಎಲ್ಲ ಮುಗಿಯಿತು ಅಂತಲ್ಲ. ಅಲೆ ನೆತ್ತಿಯ ಅಂಚಿನಲ್ಲಿ ಬಾಗಿ ಆಚೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ಮೂರು ಮಾತಿನ ಮೇಲೆ ನಿಂತಿದೆ: ಗುಡ್ಡ ಗೆರೆಗಿಂತ ಎಷ್ಟು ಎತ್ತರ, ನೀವು ಅದರಿಂದ ಎಷ್ಟು ದೂರ, ಫ್ರೀಕ್ವೆನ್ಸಿ ಎಷ್ಟು.

4 ಕಿಲೋಮೀಟರ್ ದಾರಿ ಅಂದುಕೊಳ್ಳಿ. ಒಂದು ತುದಿಯಿಂದ 1 ಕಿಲೋಮೀಟರಿಗೆ ಒಂದು ಗುಡ್ಡ, ನೇರ ಗೆರೆಗಿಂತ 30 ಮೀಟರ್ ಮೇಲೆ. ಬರೀ ಈ ಗುಡ್ಡಕ್ಕೆ ಕಳೆದುಹೋಗುವುದು 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 14 ಡೆಸಿಬೆಲ್, 433ರಲ್ಲಿ 18, 2.4 ಗಿಗಾಹರ್ಟ್ಸ್‌ನಲ್ಲಿ 26. ಅಲೆ ಉದ್ದವಾದಷ್ಟೂ ಚೆನ್ನಾಗಿ ಬಾಗುತ್ತದೆ. ಗುಡ್ಡಗಾಡಿಗೆ ಎರಡರಲ್ಲಿ ಒಂದು ಆರಿಸಿಕೋ ಅಂದರೆ ನಾನು 145ನ್ನೇ ಹಿಡಿಯುತ್ತೇನೆ. ಈ ಲೆಕ್ಕ ಕತ್ತಿಯ ಅಲಗಿನಂಥ ಚೂಪು ಅಂಚಿಗೆ ಮಾಡಿದ್ದು. ನೆತ್ತಿ ದುಂಡಗಿದ್ದು ಮೇಲೆ ಮರವೂ ತುಂಬಿದ್ದರೆ ಇನ್ನೂ ಜಾಸ್ತಿ ಹೋಗುತ್ತದೆ.

ಈಗ ನನ್ನ ನಾಲ್ಕು ಜನರ ಕಥೆಗೆ ಬರೋಣ. ಗುಡ್ಡದ ಬುಡಕ್ಕೆ ಅಂಟಿಕೊಂಡು ನಿಂತರೆ ಅಲೆ ತುಂಬಾ ಕಡಿದಾಗಿ ಬಾಗಿ ಕೆಳಗಿಳಿಯಬೇಕು. ಸ್ವಲ್ಪ ದೂರ ಹೋದರೆ ಅಷ್ಟು ಬಾಗಬೇಕಿಲ್ಲ. ನೆತ್ತಿ 50 ಮೀಟರ್ ಮೇಲಿದೆ, ನೀವು ಅದರಿಂದ 100 ಮೀಟರ್ ಹಿಂದಿದ್ದೀರಿ, ಇನ್ನೊಂದು ತುದಿ ಗುಡ್ಡದ ಆಚೆ 4 ಕಿಲೋಮೀಟರ್. 433ರಲ್ಲಿ ಗುಡ್ಡದಿಂದ ಆಗುವ ನಷ್ಟ 31 ಡೆಸಿಬೆಲ್. ನೆತ್ತಿಯಿಂದ 600 ಮೀಟರ್ ದೂರಕ್ಕೆ ಬನ್ನಿ, ನಷ್ಟ 24ಕ್ಕೆ ಇಳಿಯುತ್ತದೆ. ದೂರ ಹೆಚ್ಚಾದದ್ದಕ್ಕೆ 1 ಕಳೆದರೂ 6 ಉಳಿಯಿತು, ಅಂದರೆ ಶಕ್ತಿ ನಾಲ್ಕು ಪಟ್ಟು. ಕೇಳಬೇಕಾದವರಿಂದ ದೂರ ಹೋದಮೇಲೆ ಜಾಸ್ತಿ ಕೇಳುತ್ತದೆ ಅಂದರೆ ಮೊದಮೊದಲು ಯಾರೂ ನಂಬುವುದಿಲ್ಲ. ಒಂದು ಸಲ ನಡೆದು ನೋಡಿ.

ನೆತ್ತಿಯ ಮೇಲೆ ನಿಲ್ಲುವವರಿಗೂ ಒಂದು ಮಾತು. ಗುಡ್ಡದ ತಲೆ ಅಗಲವಾಗಿದ್ದರೆ ನಡುವೆ ನಿಲ್ಲಬೇಡಿ, ಕಾಲಡಿಯ ನೆಲವೇ ಮುಂದೆ ಅಡ್ಡ ಬರುತ್ತದೆ. ಯಾರ ಜೊತೆ ಮಾತಾಡಬೇಕೋ ಆ ಕಡೆಯ ಅಂಚಿಗೆ ಹೋಗಿ, ಕೆಳಗಿನ ಕಣಿವೆ ಕಾಣುವಷ್ಟು ಮುಂದೆ.

ಇನ್ನು ಕಣಿವೆಯೊಳಗೆ ಸಿಕ್ಕಿಕೊಂಡವರಿಗೆ ಎದುರಿನ ಗುಡ್ಡ ಒಂದು ಕನ್ನಡಿ. ಎರಡೂ ಕಡೆಯವರಿಗೆ ಕಾಣುವ ಒಂದು ಬೋಳು ಬಂಡೆಯ ಗುಡ್ಡವಿದ್ದರೆ, ಯಾಗಿಯಂಥ ದಿಕ್ಕು ಹಿಡಿಯುವ ಆಂಟೆನಾವನ್ನು ಅವರ ಕಡೆಗಲ್ಲ, ಆ ಬಂಡೆಯ ಕಡೆಗೆ ತಿರುಗಿಸಿ. ನೇರ ದಾರಿಯಲ್ಲಿ ಬರೀ ಬುಸುಗುಟ್ಟುತ್ತಿದ್ದ ಸೆಟ್ಟು ಹೀಗೆ ಪಕ್ಕಕ್ಕೆ ತಿರುಗಿಸಿದ ಕೂಡಲೇ ಮಾತಾಡಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಮರಗಳು ನುಂಗುವುದು

ಕಾಡಿನ ನಷ್ಟಕ್ಕೆ ನಾನು ಬಳಸುವುದು ವೈಸ್‌ಬರ್ಗರ್ ಲೆಕ್ಕ. ಎಲೆ ತುಂಬಿದ, ಒದ್ದೆಯಿಲ್ಲದ, ದಟ್ಟ ಮರಗಳಿಗೆ ಅಂತ ಮಾಡಿದ್ದು, ಸುಮಾರು 230 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, 400 ಮೀಟರ್ ಕಾಡಿನವರೆಗೆ ಹೊಂದುತ್ತದೆ. ಅದರ ಪ್ರಕಾರ 433ರಲ್ಲಿ 10 ಮೀಟರ್ ಕಾಡಿಗೆ 3.5 ಡೆಸಿಬೆಲ್ ಹೋಗುತ್ತದೆ, 100 ಮೀಟರಿಗೆ 16, 400 ಮೀಟರಿಗೆ 35. 2.4 ಗಿಗಾಹರ್ಟ್ಸ್ ಆದರೆ 100 ಮೀಟರಿಗೇ 26.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಿ. ಮೊದಲ 100 ಮೀಟರ್ 16 ನುಂಗಿತು, ಆಮೇಲಿನ 300 ಮೀಟರ್ ಸೇರಿ 19 ಮಾತ್ರ. ಯಾಕೆ ಅಂದರೆ ಅಲೆ ಮರದಿಂದ ಮರಕ್ಕೆ ಚದುರಿ ಮುಂದೆ ಹೋಗುತ್ತದೆ, ಅದರ ಜೊತೆಗೆ ಒಂದಿಷ್ಟು ಮೇಲೆ ಹತ್ತಿ, ಮರಗಳ ತಲೆಯ ಮೇಲೆ ಜಾರಿಕೊಂಡು ಹೋಗಿ, ಮತ್ತೆ ಕೆಳಗಿಳಿಯುತ್ತದೆ. ಹಾಗಾಗಿ ದೊಡ್ಡ ಕಾಡಿನಲ್ಲಿ ಏನಾದರೂ ಉಳಿಸಿಕೊಳ್ಳಬೇಕಾದರೆ ಅದು ನಿಮ್ಮ ತಲೆಯ ಸುತ್ತಲಿನ ನೂರು ಮೀಟರಿನಲ್ಲೇ. ಬಯಲು ಹುಡುಕಿ. ಇಲ್ಲದಿದ್ದರೆ ಆಂಟೆನಾವನ್ನು ಮೇಲಕ್ಕೇರಿಸಿ.

ಮಳೆಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಬೀಳುವ ಹನಿ ಈ ಫ್ರೀಕ್ವೆನ್ಸಿಗಳಿಗೆ ಏನೂ ಮಾಡುವುದಿಲ್ಲ, ಅದರ ಕಾಟ 10 ಗಿಗಾಹರ್ಟ್ಸ್‌ಗಿಂತ ಮೇಲೆ. ಆದರೆ ಎಲೆ ಮೇಲೆ ನಿಂತ ನೀರು ಬೇರೆಯೇ ಮಾತು. ಮಳೆ ನಿಂತು ಬಿಸಿಲು ಬಂದರೂ ಎಲೆ ಒಣಗುವವರೆಗೆ 433 ಮಂಕಾಗೇ ಇರುತ್ತದೆ. ಒಣಗಿದ ದಿನ ಪರೀಕ್ಷೆ ಮಾಡಿ "ಇಲ್ಲಿ ಸಿಗುತ್ತೆ" ಅಂತ ಬರೆದುಕೊಂಡ ಜಾಗ ಒದ್ದೆ ದಿನ ಕೈಕೊಡಬಹುದು. ಕೈಯಲ್ಲಿ ಎಂಟು ಹತ್ತು ಡೆಸಿಬೆಲ್ ಉಳಿದಿರುವ ಜಾಗವನ್ನು ಮಾತ್ರ ನಂಬಿ.

ಇನ್ನೊಂದು: ಮರದ ಕಾಂಡ ನೆಟ್ಟಗೆ ನಿಂತಿರುತ್ತದೆ, ಅಲ್ವಾ? ನೆಟ್ಟಗೆ ಹಿಡಿದ ಆಂಟೆನಾದ ಅಲೆಯನ್ನು ಅದು ಜಾಸ್ತಿ ಹೀರುತ್ತದೆ. ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಎರಡೂ ಕಡೆಯವರು ಆಂಟೆನಾವನ್ನು ಅಡ್ಡ ಹಿಡಿದರೆ ಸ್ವಲ್ಪ ಲಾಭ ಸಿಗಬಹುದು. ಒಬ್ಬರೇ ಅಡ್ಡ ಹಿಡಿದರೆ ನಷ್ಟವಾಗುವ ಸಾಧ್ಯತೆಯೇ ಹೆಚ್ಚು. ಮೊದಲೇ ಮಾತಾಡಿಕೊಳ್ಳಿ.

ಒಂದು ಪೂರ್ತಿ ಲೆಕ್ಕ

ಎರಡೂ ಕಡೆ 433ರ ಕೈಸೆಟ್ಟು, 5 ವ್ಯಾಟ್, 4 ಕಿಲೋಮೀಟರ್. 5 ವ್ಯಾಟ್ ಅಂದರೆ 37 ಡಿಬಿಎಂ, ಅಂದರೆ ಒಂದು ಮಿಲಿವ್ಯಾಟಿಗಿಂತ 37 ಡೆಸಿಬೆಲ್ ಮೇಲೆ. ಕೇಳುವ ಸೆಟ್ಟಿಗೆ ಕೊನೆಗೆ ಮೈನಸ್ 118 ಡಿಬಿಎಂ ಆದರೂ ಮುಟ್ಟಬೇಕು ಅಂದುಕೊಳ್ಳೋಣ. ಹಾಗಾದರೆ ದಾರಿಯಲ್ಲಿ ಕಳೆಯಲು ನಮ್ಮ ಹತ್ತಿರ ಇರುವುದು 155 ಡೆಸಿಬೆಲ್.

ಬರೀ ದೂರಕ್ಕೆ 97 ಹೋಯಿತು. ಗಿಡ್ಡ ರಬ್ಬರ್ ಆಂಟೆನಾ, ಅದಕ್ಕೆ ತಾಗಿದ ಮೈ, ಇವಕ್ಕೆ ಒಂದೊಂದು ಕಡೆ 8ರ ಹಾಗೆ 16. ಒಟ್ಟು 113. ಮೊದಲು ಹೇಳಿದ 30 ಮೀಟರ್ ಗುಡ್ಡಕ್ಕೆ 18, ಆಗ 131. ಒಂದು ತುದಿ 100 ಮೀಟರ್ ಕಾಡಿನೊಳಗಿದ್ದರೆ ಇನ್ನೊಂದು 16, 147. ಇನ್ನೂ 8 ಉಳಿದಿದೆ, ಮಾತು ನಡೆಯುತ್ತದೆ. ಇನ್ನೊಂದು ತುದಿಯೂ ಅಷ್ಟೇ ಕಾಡಿನೊಳಗಿದ್ದರೆ 163. ಮುಗಿಯಿತು, ಏನೂ ಕೇಳುವುದಿಲ್ಲ.

ಈಗ ನೀವು 50 ವ್ಯಾಟಿನ ಸೆಟ್ಟು ತಂದಿರಿ ಅನ್ನೋಣ. 10 ಡೆಸಿಬೆಲ್ ಸಿಕ್ಕಿತು, 165ರಲ್ಲಿ 163 ಕಳೆದು 2 ಉಳಿಯಿತು. ನಿಮ್ಮ ದನಿ ಅವರಿಗೆ ಹೇಗೋ ಕೇಳಿತು. ಅವರ ಕೈಯಲ್ಲಿರುವುದು ಮಾತ್ರ ಅದೇ 5 ವ್ಯಾಟ್. ಅವರ ಉತ್ತರ ನಿಮಗೆ ಬರುವುದಿಲ್ಲ. ಅದರ ಬದಲು ನೂರು ಮೀಟರ್ ನಡೆದು ಕಾಡಿನಿಂದ ಹೊರಗೆ ಬಂದರೆ 16 ಡೆಸಿಬೆಲ್ ವಾಪಸ್. 16 ಅಂದರೆ ನಲವತ್ತು ಪಟ್ಟು, 5 ವ್ಯಾಟಿನ ಸೆಟ್ಟು 200 ವ್ಯಾಟಿನ ಕೆಲಸ ಮಾಡಿದ ಹಾಗೆ. ಅದೂ ಹೋಗುವ ದನಿಗೂ ಬರುವ ದನಿಗೂ ಎರಡಕ್ಕೂ.

ನಿಂತ ಜಾಗದಲ್ಲೇ ಮಾಡಬಹುದಾದದ್ದು

ಮೊದಲನೆಯದು, ಸೆಟ್ಟನ್ನು ಸೊಂಟದಿಂದ ತೆಗೆಯಿರಿ. ಸೊಂಟಕ್ಕೆ ಸಿಕ್ಕಿಸಿ ಮೈಕಿನಲ್ಲಿ ಮಾತಾಡುವುದು ಆರಾಮ, ಆದರೆ ಅರ್ಧ ದಿಕ್ಕಿಗೆ ನಿಮ್ಮ ಮೈಯೇ ಗೋಡೆ. ಮುಖದ ಮುಂದೆ, ಆಂಟೆನಾ ತಲೆಗಿಂತ ಮೇಲಿರುವ ಹಾಗೆ, ನೆಟ್ಟಗೆ ಹಿಡಿಯಿರಿ.

ಎರಡನೆಯದು, ಹೆಜ್ಜೆ ಬದಲಿಸಿ. ಕಾಡಿನಲ್ಲಿ ಅಲೆ ನೂರು ಕಡೆಯಿಂದ ತಾಗಿ ಬರುತ್ತದೆ. ಕೆಲವು ಕಡೆ ಒಂದಕ್ಕೊಂದು ಸೇರುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ: 145ಕ್ಕೆ 2 ಮೀಟರ್ ಚಿಲ್ಲರೆ, 433ಕ್ಕೆ 69 ಸೆಂಟಿಮೀಟರ್. ಸತ್ತ ಜಾಗದಿಂದ ಜೀವ ಇರುವ ಜಾಗಕ್ಕೆ ಅದರ ಕಾಲು ಭಾಗವೋ ಅರ್ಧವೋ ಸರಿದರೆ ಸಾಕು. 433ರಲ್ಲಿ ಅದು ಒಂದು ಗೇಣು ಎರಡು ಗೇಣಿನ ಮಾತು. ಬುಸ್ ಸದ್ದನ್ನು ತಡೆದಿಡುವ ಸ್ಕ್ವೆಲ್ಚ್ ತೆರೆದು, ಆ ಸದ್ದು ಕೇಳುತ್ತಾ, ಸೆಟ್ಟನ್ನು ನಿಧಾನವಾಗಿ ಆಚೆ ಈಚೆ ಸರಿಸಿ. ಸದ್ದು ತೆಳುವಾಗಿ ಒಳಗಿನಿಂದ ಮಾತು ಎದ್ದು ಬರುವ ಜಾಗ ಸಿಕ್ಕಿದ ಕೂಡಲೇ ಕಾಲಿನಿಂದ ನೆಲದ ಮೇಲೆ ಗೀಟು ಹಾಕಿ. ನಡೆಯುತ್ತಾ ಮಾತಾಡಬೇಡಿ, ದನಿ ಪಟಪಟ ಅಂತ ಕತ್ತರಿಸಿಕೊಂಡು ಹೋಗುತ್ತದೆ.

ಮೂರನೆಯದು, ತಂತಿ. 145ರ ಸೆಟ್ಟಿಗೆ 49 ಸೆಂಟಿಮೀಟರ್ ತಂತಿಯ ಒಂದು ತುದಿಯನ್ನು ಆಂಟೆನಾ ಸಾಕೆಟ್ಟಿನ ಹೊರಗಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕೆ ರೇಡಿಯೋ ಬಳಸುವವರು, ಇದನ್ನು ಟೈಗರ್ ಟೇಲ್ ಅನ್ನುತ್ತಾರೆ. ರಬ್ಬರ್ ಆಂಟೆನಾಕ್ಕೆ ಇಲ್ಲದ ಇನ್ನೊಂದು ಅರ್ಧ ಅದು.

ನಾಲ್ಕನೆಯದನ್ನು ನಾನು ಪ್ರತಿ ಸಲ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ: ಸುರುಳಿ ಸುತ್ತಿಡಬಹುದಾದ ಜೆ-ಪೋಲ್ ಆಂಟೆನಾ, ಹತ್ತು ಮೀಟರ್ ಕೇಬಲ್, ತೆಳು ನೈಲಾನ್ ಹಗ್ಗ. ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ತುಂಬಿ ಹಗ್ಗದ ತುದಿಗೆ ಕಟ್ಟಿ. ಹಗ್ಗವನ್ನು ಸುರುಳಿಯಲ್ಲಿ ಇಡದೆ ನೆಲದ ಮೇಲೆ ಸಡಿಲವಾಗಿ ಹಾವಿನ ಹಾಗೆ ಹರಡಿ, ಇಲ್ಲದಿದ್ದರೆ ಎಸೆದಾಗ ಗಂಟು ಬೀಳುತ್ತದೆ. ಮೇಲೆ, ಕೆಳಗೆ ಯಾರೂ ಇಲ್ಲ, ಕರೆಂಟಿನ ತಂತಿ ಇಲ್ಲ ಅಂತ ನೋಡಿಕೊಂಡು, ಕೈ ಕೆಳಗಿನಿಂದ ತೂಗಿ ತೂಗಿ ಎಸೆಯಿರಿ. ಕೊಂಬೆ ದಾಟಿದ ಬಾಟಲಿ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಬರುತ್ತದೆ. ಬಾಟಲಿ ಬಿಚ್ಚಿ ಆಂಟೆನಾ ಕಟ್ಟಿ ಎಳೆಯಿರಿ. ಕಾಂಡಕ್ಕೆ ತಾಗದೆ ಒಂದೆರಡು ಮೀಟರ್ ದೂರದಲ್ಲಿ ತೂಗುತ್ತಿರಬೇಕು. ಹತ್ತು ಮೀಟರ್ ತೆಳು ಕೇಬಲ್ 433ರಲ್ಲಿ ಅರ್ಧದಷ್ಟೋ ಅದಕ್ಕಿಂತ ಜಾಸ್ತಿಯೋ ಶಕ್ತಿ ತಿನ್ನುತ್ತದೆ, ನಿಜ. ಆದರೂ ಪೊದೆಗಳಿಂದ, ನಿಮ್ಮ ಮೈಯಿಂದ ಮೇಲೆದ್ದು ಸಿಗುವ ಲಾಭ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಗುಡುಗು ಮಿಂಚು ಇದ್ದರೆ ಮಾತ್ರ ಇದನ್ನು ಮುಟ್ಟಲೇಬೇಡಿ.

ಏನೂ ಆಗದಿದ್ದರೆ ನೆತ್ತಿಯ ಮೇಲೆ ಒಬ್ಬರನ್ನು ಕೂರಿಸಿ. ಎರಡೂ ಕಡೆ ಕಾಣುವ ಜಾಗದಲ್ಲಿ ಕೂತು ಈಚೆ ಮಾತನ್ನು ಆಚೆ ದಾಟಿಸುವ ಒಬ್ಬ ತಾಳ್ಮೆಯ ಮನುಷ್ಯನಿಗೆ ಸಮನಾದ ಯಂತ್ರ ಇಲ್ಲ ಅನ್ನುತ್ತೇನೆ. ಅವರಿಗೆ ನೀರು, ನೆರಳು, ಎರಡನೇ ಬ್ಯಾಟರಿ ಕೊಟ್ಟು ಕಳಿಸಿ.

ಗುಡ್ಡದ ಮೇಲೆ ಗುಡ್ಡ, ಕಣಿವೆಯ ಹಿಂದೆ ಕಣಿವೆ ಅನ್ನುವಂಥ ಕಡೆ, ಲೈಸೆನ್ಸ್ ಇರುವವರಿಗೆ ಇನ್ನೊಂದು ದಾರಿ ಇದೆ. 7 ಮೆಗಾಹರ್ಟ್ಸ್‌ನಲ್ಲಿ, ಎರಡು ಕಡೆಗೂ ಹತ್ತು ಹತ್ತು ಮೀಟರ್ ತಂತಿಯನ್ನು ನೆಲದಿಂದ ಮೂರ್ನಾಲ್ಕು ಮೀಟರ್ ಎತ್ತರದಲ್ಲಿ ಅಡ್ಡ ಕಟ್ಟಿದರೆ ಅಲೆ ನೇರ ಆಕಾಶಕ್ಕೆ ಹೋಗಿ, ವಾತಾವರಣದ ಮೇಲ್ಗಡೆ ವಿದ್ಯುತ್ ಕಣಗಳು ತುಂಬಿದ ಪದರವಾದ ಅಯಾನುಗೋಲಕ್ಕೆ ತಾಗಿ, ಮಳೆಯ ಹಾಗೆ ಮೇಲಿಂದ ಕೆಳಗೆ ಬೀಳುತ್ತದೆ. ಮೇಲಿಂದ ಬೀಳುವುದಕ್ಕೆ ಯಾವ ಗುಡ್ಡ ಅಡ್ಡ? ಸುತ್ತಲೂ ಇನ್ನೂರು ಮುನ್ನೂರು ಕಿಲೋಮೀಟರ್ ದೂರದವರೆಗೆ ಹೀಗೆ ಮಾತಾಡಬಹುದು. ರಾತ್ರಿ ಅಯಾನುಗೋಲ ಸೊರಗುತ್ತದೆ, ಆಗ 3.5ಕ್ಕೆ ಇಳಿಯಬೇಕು, ತಂತಿಯೂ ಎರಡು ಪಟ್ಟು ಉದ್ದ ಬೇಕು.

ಇನ್ನೊಂದು ಉಳಿಯಿತು: ಹೊತ್ತು. ಗಂಟೆಗೊಮ್ಮೆ, ಸರಿಯಾಗಿ ಅರ್ಧಕ್ಕೆ, ಐದು ನಿಮಿಷ, ಎಲ್ಲಿದ್ದರೂ ಹತ್ತಿರದ ಬಯಲಿಗೋ ಎತ್ತರಕ್ಕೋ ಬಂದು ಕರೆಯಬೇಕು ಅಂತ ಹೊರಡುವಾಗಲೇ ಮಾತು ಮಾಡಿಕೊಳ್ಳಿ. ನನ್ನ ನಾಲ್ಕು ಜನಕ್ಕೆ ನಾನು "ಹತ್ತೂವರೆಗೆ ಕರೆಯಿರಿ" ಅಂದಿದ್ದೆ, ಎಲ್ಲಿಂದ ಅಂತ ಹೇಳಿರಲಿಲ್ಲ. ಈಗ ನಕ್ಷೆಯ ಮೇಲೆ ಮಾತು ಸಿಕ್ಕ ಜಾಗಕ್ಕೆ ಸುತ್ತು, ಸಿಗದ ಜಾಗಕ್ಕೆ ಅಡ್ಡಗೀಟು ಹಾಕುತ್ತೇನೆ, ಪಕ್ಕದಲ್ಲಿ ತಾರೀಕು, ಎಲೆ ಒದ್ದೆಯೋ ಒಣವೋ ಅಂತ ಬರೆಯುತ್ತೇನೆ. ಆ ಗುಡ್ಡದ ಬುಡದಲ್ಲಿ ಒಂದು ಅಡ್ಡಗೀಟಿದೆ. ಅದರಿಂದ ಸ್ವಲ್ಪ ಆಚೆ, ಬಯಲಿನ ಮೇಲೆ, ಮೂರು ಸುತ್ತುಗಳಿವೆ. ಮೂರನೆಯದು ಒದ್ದೆ ದಿನದ್ದು.